ಎರಡು ಸ್ಪೀಕರುಗಳ ನಡುವಿನ ಆಕಾಶ

1969ರ ಜುಲೈ ತಿಂಗಳು. ಚಂದ್ರನ ನೆಲ ಮೆಟ್ಟಿ ಭೂಮಿಯತ್ತ ಮರಳುತ್ತಿದ್ದ ಅಪೋಲೊ 11 ನೌಕೆಯಿಂದ ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರಕ್ಕೆ ವಿಚಿತ್ರವಾದ ಸಂಗೀತವೊಂದು ಕೇಳಿಬಂತು. ಹಿನ್ನೆಲೆಯಲ್ಲಿ ಪದಗಳಿಲ್ಲದ ಕೋರಸ್, ಅದರ ಮೇಲೆ ಹೆಣ್ಣಿನ ಕಂಠವೆನ್ನಲೂ ಬಾರದ, ಪಿಟೀಲು ಎನ್ನಲೂ ಬಾರದ ಒಂದು ಜಾರುವ ದನಿ. ನೆಲದ ಮೇಲಿದ್ದವರು ಇದೇನೆಂದು ವಿಚಾರಿಸಿದಾಗ ನೀಲ್ ಆರ್ಮ್‌ಸ್ಟ್ರಾಂಗ್ ಅದು ತಮಗೆ ಬಹಳ ಹಿಂದಿನಿಂದಲೂ ಇಷ್ಟವಾದ ಆಲ್ಬಂ, ಸುಮಾರು ಇಪ್ಪತ್ತು ವರ್ಷ ಹಳೆಯದು ಎಂದರು. ಆಲ್ಬಮ್ಮಿನ ಹೆಸರು ‘ಮ್ಯೂಸಿಕ್ ಔಟ್ ಆಫ್ ದ ಮೂನ್’. ಅದನ್ನು ಅವರು ಕ್ಯಾಸೆಟ್ಟಿಗೆ ಹಾಕಿಸಿಕೊಂಡು ಚಂದ್ರನವರೆಗೂ ಒಯ್ದಿದ್ದರು.

ಕ್ಯಾಪಿಟಲ್ ಕಂಪನಿ ಅದನ್ನು ಹೊರತಂದದ್ದು 1947ರಲ್ಲಿ. ಸ್ಪುಟ್ನಿಕ್ ಹಾರಲು ಇನ್ನೂ ಹತ್ತು ವರ್ಷವಿತ್ತು. ರಾಗಗಳನ್ನು ಕಟ್ಟಿದವರು ಹ್ಯಾರಿ ರೆವೆಲ್, ವಾದ್ಯಗಳಿಗೆ ಹಂಚಿ ನಡೆಸಿದವರು ಲೆಸ್ ಬ್ಯಾಕ್ಸ್‌ಟರ್. ಆ ಜಾರುವ ದನಿ ಥೆರೆಮಿನ್ ಎಂಬ ವಾದ್ಯದ್ದು. ಮುಟ್ಟದೆಯೇ ನುಡಿಸುವ ವಾದ್ಯ ಅದು. ಪೆಟ್ಟಿಗೆಯಿಂದ ಎರಡು ಆಂಟೆನಾ ಹೊರಬಂದಿರುತ್ತವೆ. ಒಂದರ ಹತ್ತಿರ ಕೈ ಒಯ್ದರೆ ಸ್ವರ ಏರುತ್ತದೆ, ಇನ್ನೊಂದರ ಹತ್ತಿರ ಒಯ್ದರೆ ದನಿ ಕುಗ್ಗುತ್ತದೆ. ಸ್ವರಕ್ಕೆ ಇಂತಲ್ಲಿ ಎಂಬ ಗುರುತಿನ ಜಾಗವಿಲ್ಲ, ಗಾಳಿಯಲ್ಲೇ ಹುಡುಕಿಕೊಳ್ಳಬೇಕು. ಇದನ್ನು ನುಡಿಸಿದ ಸ್ಯಾಮ್ಯುಯೆಲ್ ಹಾಫ್‌ಮನ್ ವೃತ್ತಿಯಿಂದ ಪಾದರೋಗಗಳ ವೈದ್ಯ. ಹಿಚ್‌ಕಾಕ್‌ರ 1945ರ ‘ಸ್ಪೆಲ್‌ಬೌಂಡ್’ ಚಿತ್ರದಲ್ಲಿ ಎದೆ ನಡುಗಿಸುವ ಥೆರೆಮಿನ್ ಕೂಡ ಅವರದೇ. ಸಿನಿಮಾದಲ್ಲಿ ಭಯ ಹುಟ್ಟಿಸಿದ ದನಿಯನ್ನು ಬ್ಯಾಕ್ಸ್‌ಟರ್ ತಮ್ಮ ಆಲ್ಬಮ್ಮಿನಲ್ಲಿ ಹಂಬಲದ ದನಿಯಾಗಿಸಿದರು. ದೂರದ ಲೋಕವೆಂದರೆ ಹೆದರಬೇಕಾದದ್ದಲ್ಲ, ಅಲ್ಲಿಗೆ ಹೋಗಲು ಆಸೆಪಡಬಹುದು ಎಂದು ಅಮೆರಿಕದ ಮನೆಗಳಿಗೆ ಮೊದಲು ಹೇಳಿದ ಸಂಗೀತಗಳಲ್ಲಿ ಇದೂ ಒಂದು.

ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ವರ್ಷ ಇಂಥ ಆಲ್ಬಮ್‌ಗಳು ನೂರಾರು ಬಂದವು. ಇವತ್ತು ಅವನ್ನೆಲ್ಲ ಸೇರಿಸಿ ಸ್ಪೇಸ್ ಏಜ್ ಪಾಪ್ ಎನ್ನುತ್ತಾರೆ, ಲೌಂಜ್ ಸಂಗೀತ ಎಂದೂ ಕರೆಯುತ್ತಾರೆ. ವಿಮರ್ಶಕರು ಬಹುಕಾಲ ಇದನ್ನು ಹೋಟೆಲಿನ ಲಿಫ್ಟಿನಲ್ಲಿ ಕೇಳುವ ಸಂಗೀತವೆಂದು ಬದಿಗೆ ತಳ್ಳಿದರು. ನಾನು ಇದನ್ನು ಒಪ್ಪುವುದಿಲ್ಲ. ಧ್ವನಿಮುದ್ರಣ ಎಂಬುದು ವೇದಿಕೆಯ ಕಛೇರಿಯ ನಕಲಷ್ಟೇ ಎಂಬ ನಂಬಿಕೆಯನ್ನು ಮೊದಲು ಮುರಿದವರಲ್ಲಿ ಈ ಸಂಗೀತಗಾರರು ಮುಖ್ಯರು. ಯಾವ ವೇದಿಕೆಯಲ್ಲೂ ನಡೆಯಲಾರದ, ರೆಕಾರ್ಡಿನೊಳಗೆ ಮಾತ್ರ ಬದುಕಬಲ್ಲ ಸಂಗೀತವನ್ನು ಇವರು ಕಟ್ಟಿದರು. ರಾಗವನ್ನು ವಾದ್ಯಗಳಿಗೆ ಹಂಚುವ ಅರೇಂಜರ್ ಮತ್ತು ಸೌಂಡ್ ಎಂಜಿನಿಯರ್ ಇಬ್ಬರೂ ಕಲಾವಿದರೇ ಎಂದು ತೋರಿಸಿಕೊಟ್ಟರು. ಆ ನೂರಾರು ಆಲ್ಬಮ್‌ಗಳಲ್ಲಿ ಕೇಳಲೇಬೇಕಾದವು ಕೆಲವಿವೆ.

ಮೊದಲು ಬ್ಯಾಕ್ಸ್‌ಟರ್‌ರದೇ ಇನ್ನೊಂದು, 1951ರ ‘ರಿಚುಅಲ್ ಆಫ್ ದ ಸ್ಯಾವೇಜ್’. ಇಲ್ಲಿ ಅವರು ಕಲ್ಪಿಸಿದ್ದು ಬಾಹ್ಯಾಕಾಶವನ್ನಲ್ಲ, ಒಂದು ಕಾಡನ್ನು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಅಮೆರಿಕನ್ ಸೈನಿಕರು ಪೆಸಿಫಿಕ್ ದ್ವೀಪಗಳನ್ನು ಕಂಡು ಬಂದಿದ್ದರು. ಊರಾಚೆಯ ಹೊಸ ಬಡಾವಣೆಗಳಲ್ಲಿ ಮನೆಮಾಡಿದ ಅವರಿಗೆ ತೆಂಗು, ಕಡಲು, ಡೋಲುಗಳ ನೆನಪು ಬೇಕಿತ್ತು, ಯುದ್ಧದ ನೆನಪು ಬೇಕಿರಲಿಲ್ಲ. ಬ್ಯಾಕ್ಸ್‌ಟರ್ ಆ ಬಯಕೆಗೆ ಪೂರ್ಣ ಆರ್ಕೆಸ್ಟ್ರಾ ಕೊಟ್ಟರು. ಅದರಲ್ಲಿನ ‘ಕ್ವಯಟ್ ವಿಲೇಜ್’ ಎಂಬ ರಚನೆ ಮುಂದೆ ಇಡೀ ಪಂಥದ ಗುರುತಿನ ರಾಗವಾಯಿತು. ಆದರೆ ಅದನ್ನು ಜಗತ್ತಿಗೆ ತಲುಪಿಸಿದವರು ಮಾರ್ಟಿನ್ ಡೆನ್ನಿ.

ನ್ಯೂಯಾರ್ಕಿನಲ್ಲಿ ಹುಟ್ಟಿದ ಡೆನ್ನಿ ಪಿಯಾನೊ ನುಡಿಸುವ ಕೆಲಸಕ್ಕೆಂದು ಹೊನೊಲುಲುವಿಗೆ ಹೋಗಿ ಅಲ್ಲೇ ನೆಲೆಯಾದವರು. ವೈಕಿಕಿಯ ಹವಾಯಿಯನ್ ವಿಲೇಜ್ ಹೋಟೆಲಿನ ಶೆಲ್ ಬಾರ್‌ನಲ್ಲಿ ಅವರ ನಾಲ್ಕು ಜನರ ತಂಡ ನುಡಿಸುತ್ತಿತ್ತು. ತೆರೆದ ಜಾಗ, ವೇದಿಕೆಯ ಪಕ್ಕದಲ್ಲೇ ಕೊಳ, ಕೊಳದ ತುಂಬ ಕಪ್ಪೆ. ಒಂದು ರಾತ್ರಿ ತಂಡ ನುಡಿಸುತ್ತಿದ್ದಂತೆ ಕಪ್ಪೆಗಳು ವಟಗುಟ್ಟತೊಡಗಿದವು, ವಾದ್ಯ ನಿಂತಾಗ ಅವೂ ನಿಂತವು. ತಂಡದವರು ಖುಷಿಗೆ ಹಕ್ಕಿಗಳ ಕೂಗು ಸೇರಿಸಿದರು. ಮರುದಿನ ಗ್ರಾಹಕರೊಬ್ಬರು ಬಂದು, ನಿನ್ನೆಯ ಆ ಹಕ್ಕಿ ಕಪ್ಪೆಗಳ ಹಾಡನ್ನೇ ಇನ್ನೊಮ್ಮೆ ನುಡಿಸಿ ಎಂದು ಕೇಳಿದರಂತೆ. ಡೆನ್ನಿಗೆ ದಾರಿ ಸಿಕ್ಕಿತು. ಗೀರುಗಳಿರುವ ಗುಯಿರೊ ಎಂಬ ವಾದ್ಯವನ್ನು ಕೆರೆದು ಕಪ್ಪೆಯ ದನಿ ತೆಗೆದರು. ಹಕ್ಕಿಗಳ ಕೂಗಿಗೆ ತಾಳವಾದ್ಯದ ಆಗೀ ಕೊಲೊನ್ ಗಂಟಲು ಕೊಟ್ಟರು. ಹೀಗೆ ಮೂಡಿದ್ದು 1957ರ ‘ಎಕ್ಸಾಟಿಕಾ’. ಅದು ನಿಧಾನವಾಗಿ ಹಬ್ಬಿ, 1959ರಲ್ಲಿ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಹವಾಯಿ ಅಮೆರಿಕದ ಐವತ್ತನೇ ರಾಜ್ಯವಾದ ವರ್ಷವೂ ಅದೇ.

‘ಎಕ್ಸಾಟಿಕಾ’ದ ಜೀವ ಇರುವುದು ವೈಬ್ರಫೋನಿನಲ್ಲಿ. ಲೋಹದ ಪಟ್ಟಿಗಳು, ಅವುಗಳ ಕೆಳಗೆ ಕೊಳವೆಗಳು, ಕೊಳವೆಗಳ ಬಾಯಲ್ಲಿ ಮೋಟಾರಿನಿಂದ ತಿರುಗುವ ಬಿಲ್ಲೆಗಳು. ಬಿಲ್ಲೆ ಮುಚ್ಚಿ ತೆರೆದಂತೆ ಸ್ವರ ಅಲೆಯಾಗುತ್ತದೆ. ಇದನ್ನು ನುಡಿಸಿದ ಆರ್ಥರ್ ಲೈಮನ್ ಹವಾಯಿಯಲ್ಲೇ ಹುಟ್ಟಿ ಬೆಳೆದವರು. ಬೇಗನೆ ಅವರು ತಂಡ ಬಿಟ್ಟು ಸ್ವಂತವಾಗಿ 1958ರಲ್ಲಿ ‘ಟಾಬೂ’ ಮಾಡಿದರು. ಧ್ವನಿಮುದ್ರಣ ನಡೆದದ್ದು ಉದ್ಯಮಿ ಹೆನ್ರಿ ಕೈಸರ್ ಅದೇ ಹೋಟೆಲಿನ ಆವರಣದಲ್ಲಿ ಕಟ್ಟಿಸಿದ್ದ ಅಲ್ಯೂಮಿನಿಯಂ ಗುಮ್ಮಟದಲ್ಲಿ. ಆ ಗುಮ್ಮಟದೊಳಗೆ ಒಂದು ಸ್ವರ ಹೊಡೆದರೆ ಅದು ಬಹಳ ಹೊತ್ತು ಆರುತ್ತಿರಲಿಲ್ಲ. ಅದಕ್ಕೆ ತಕ್ಕಂತೆ ಲೈಮನ್ ಸ್ವರಗಳನ್ನು ವಿರಳವಾಗಿ ಇಟ್ಟರು, ಒಂದು ಆರುವ ತನಕ ಇನ್ನೊಂದಕ್ಕೆ ಅವಸರ ಮಾಡಲಿಲ್ಲ. ಡೆನ್ನಿಯ ಆಲ್ಬಂ ಹೆಚ್ಚು ಪ್ರಸಿದ್ಧ, ಲೈಮನ್‌ರದು ಹೆಚ್ಚು ಆಳವಾದದ್ದು.

ಈ ಎಕ್ಸಾಟಿಕಾ ಪಂಥದಲ್ಲಿ ನೋವಿನ ಮಾತೊಂದಿದೆ. ಅಲ್ಲಿನ ಪೂರ್ವ ಯಾವ ಭೂಪಟದಲ್ಲೂ ಇಲ್ಲದ ಪೂರ್ವ. ಬರ್ಮಾದ ಜಾಗಟೆ, ಜಪಾನಿನ ತಂತಿವಾದ್ಯ, ಆಫ್ರಿಕದ ಡೋಲು ಒಂದೇ ಹಾಡಿನಲ್ಲಿ ಕೂಡುತ್ತವೆ, ಅವನ್ನು ಬಾಳಿಸಿಕೊಂಡು ಬಂದ ಜನರ ಹೆಸರು ಎಲ್ಲೂ ಬರುವುದಿಲ್ಲ. ‘ಸ್ಯಾವೇಜ್’ (ಅನಾಗರಿಕ) ಎಂದು ಆಲ್ಬಮ್ಮಿನ ಹೊದಿಕೆಯ ಮೇಲೆ ಅಚ್ಚು ಹಾಕಲು ಯಾರಿಗೂ ಸಂಕೋಚವಾಗಲಿಲ್ಲ.

ಇದರ ತೀರ ಕಟುವಾದ ಕಥೆ ಭಾರತದ ಹೆಸರಿನಲ್ಲೇ ನಡೆದಿದೆ. 1949ರಲ್ಲಿ ಲಾಸ್ ಏಂಜಲಿಸ್‌ನ ಟೆಲಿವಿಷನ್‌ನಲ್ಲಿ ಕೊರ್ಲಾ ಪಂಡಿತ್ ಎಂಬ ಆರ್ಗನ್ ವಾದಕ ಕಾಣಿಸಿಕೊಂಡರು. ತಲೆಗೆ ಪೇಟ, ಪೇಟದ ನಡುವೆ ಹೊಳೆಯುವ ಕಲ್ಲು, ಕ್ಯಾಮೆರಾವನ್ನೇ ನೆಟ್ಟನೋಟದಲ್ಲಿ ನೋಡುವ ಕಣ್ಣು. ಕಾರ್ಯಕ್ರಮದಲ್ಲಿ ಅವರು ಒಂದು ಮಾತನ್ನೂ ಆಡುತ್ತಿರಲಿಲ್ಲ. ದೆಹಲಿಯ ಮನೆತನದ ಮಗ ಎಂದು ಪ್ರಚಾರ. ಮನೆಮನೆಯಲ್ಲೂ ಅವರಿಗೆ ಅಭಿಮಾನಿಗಳಿದ್ದರು. 1998ರಲ್ಲಿ ಅವರು ತೀರಿಕೊಂಡರು. 2001ರಲ್ಲಿ ಪತ್ರಿಕೆಯೊಂದು ಸತ್ಯ ಹೊರತಂದಿತು. ಅವರ ಹುಟ್ಟುಹೆಸರು ಜಾನ್ ರೋಲಂಡ್ ರೆಡ್, ಹುಟ್ಟಿದ್ದು ಮಿಸ್ಸೌರಿಯಲ್ಲಿ, ಆಫ್ರಿಕನ್ ಅಮೆರಿಕನ್ ಕುಟುಂಬದಲ್ಲಿ. ಆ ಕಾಲದ ಟೆಲಿವಿಷನ್ನಿನಲ್ಲಿ ಒಬ್ಬ ಕರಿಯ ಸಂಗೀತಗಾರನಿಗೆ ಸಿಗದ ಕುರ್ಚಿ ಒಬ್ಬ ಭಾರತೀಯನಿಗೆ ಸಿಗುತ್ತಿತ್ತು. ಸುಮಾರು ಐವತ್ತು ವರ್ಷ ಅವರು ಆ ವೇಷವನ್ನು ಇಳಿಸಲಿಲ್ಲ. ಅವರನ್ನು ವಂಚಕ ಎನ್ನಲು ನನಗೆ ನಾಲಗೆ ಬಾರದು. ಅವರ ಆರ್ಗನ್ ಕೇಳುವಾಗ ಆ ಕೈಗಳ ಪ್ರತಿಭೆಯನ್ನೂ ಆ ವೇಷ ತೊಡಿಸಿದ ಸಮಾಜವನ್ನೂ ಒಟ್ಟಿಗೆ ಕೇಳಬೇಕು.

ಈ ನಡುವೆ ತಂತ್ರಜ್ಞಾನದಲ್ಲಿ ದೊಡ್ಡದೊಂದು ಬದಲಾವಣೆಯಾಯಿತು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತ್ತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಂಗೀತ ಹಿಡಿಯುವ ತಟ್ಟೆ ಅದು. ಹತ್ತು ವರ್ಷದ ನಂತರ ಅದೇ ತಟ್ಟೆಗೆ ಸ್ಟೀರಿಯೊ ಬಂತು. ರೆಕಾರ್ಡಿನ ಗೀರು ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ್ದು. ಅದರ ಎರಡು ಗೋಡೆಗಳೂ ನಲವತ್ತೈದು ಡಿಗ್ರಿ ಓರೆಯಲ್ಲಿ ನಿಂತಿರುತ್ತವೆ. ಒಂದು ಗೋಡೆಯಲ್ಲಿ ಎಡಕಿವಿಯ ದನಿ, ಇನ್ನೊಂದರಲ್ಲಿ ಬಲಕಿವಿಯ ದನಿ. ಮುಳ್ಳು ಒಂದೇ, ಅದು ಎರಡೂ ಗೋಡೆಗಳ ಏರುತಗ್ಗನ್ನು ಒಟ್ಟಿಗೆ ಓದುತ್ತದೆ. ಇದರ ಮೂಲ ತತ್ವಕ್ಕೆ ಬ್ರಿಟನ್ನಿನ ಅಲನ್ ಬ್ಲೂಮ್ಲೈನ್ 1931ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಮಾರುಕಟ್ಟೆಗೆ ಬರಲು ಕಾಲು ಶತಮಾನ ಹಿಡಿಯಿತು.

ಈಗ ಜನರಿಗೆ ಎರಡನೇ ಸ್ಪೀಕರು ಮಾರಬೇಕು. ಅದಕ್ಕೆ ಎಡ ಬಲದ ಭೇದ ಕಿವಿಗೆ ಥಟ್ಟನೆ ಗೊತ್ತಾಗುವ ಸಂಗೀತ ಬೇಕು. ತಾಳವಾದ್ಯಗಳು ಮುಂದೆ ಬಂದದ್ದು ಇದಕ್ಕೇ. ರಾತ್ರಿ ತೋಟದಲ್ಲಿ ಎಡೆಬಿಡದೆ ಕಿರ್ರೆನ್ನುವ ಜೀರುಂಡೆ ಎಲ್ಲಿದೆ ಎಂದು ಹುಡುಕುವುದು ಕಷ್ಟ. ಒಣ ಎಲೆಯೊಂದು ಚರಕ್ ಎಂದರೆ ತಲೆ ತಾನಾಗಿ ಆ ಕಡೆ ತಿರುಗುತ್ತದೆ. ದನಿಯ ಮೊದಲ ಪೆಟ್ಟು ಎರಡು ಕಿವಿಗಳನ್ನು ಮುಟ್ಟುವ ಸೂಕ್ಷ್ಮ ಕಾಲವ್ಯತ್ಯಾಸದಿಂದ ಮಿದುಳು ದಿಕ್ಕನ್ನು ಅಳೆಯುತ್ತದೆ. ಬಾಂಗೊ, ಘಂಟೆ, ಕ್ಸೈಲೊಫೋನುಗಳಲ್ಲಿ ಆ ಮೊದಲ ಪೆಟ್ಟು ಚೂಪು.

ಇದನ್ನು ಚೆನ್ನಾಗಿ ಅರಿತಿದ್ದವರು ಇನಾಕ್ ಲೈಟ್. ಪಿಟೀಲು ವಾದಕರಾಗಿ, ವಾದ್ಯಗೋಷ್ಠಿಯ ಮುಖ್ಯಸ್ಥರಾಗಿ ದುಡಿದವರು. 1959ರಲ್ಲಿ ಕಮಾಂಡ್ ಎಂಬ ಕಂಪನಿ ಕಟ್ಟಿ ‘ಪರ್ಸ್ವೇಸಿವ್ ಪರ್ಕಶನ್’ ಹೊರತಂದರು. ಬಾಂಗೊ ಎಡದಿಂದ ಕೇಳಿದರೆ ಬಲದಿಂದ ಉತ್ತರ ಬರುತ್ತದೆ. ಹಳೆಯ ಪರಿಚಿತ ಹಾಡುಗಳೇ, ಆದರೆ ರಾಗಕ್ಕಿಂತ ರಾಗ ಎಲ್ಲಿಂದ ಬರುತ್ತಿದೆ ಎಂಬುದರ ಕಡೆಗೆ ಗಮನ ಹೋಗುತ್ತದೆ. ಆಲ್ಬಂ ಬಿಲ್‌ಬೋರ್ಡಿನ ಸ್ಟೀರಿಯೊ ಪಟ್ಟಿಯಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿ ನಿಂತಿತು. ಹೊದಿಕೆಯ ವಿನ್ಯಾಸ ಮಾಡಿದವರು ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿಸಿದ್ದ ಮಹಾನ್ ಚಿತ್ರಕಾರ ಜೋಸೆಫ್ ಆಲ್ಬರ್ಸ್. ಬಿಳಿಯ ಮೇಲೆ ಕಪ್ಪು ಚುಕ್ಕೆಗಳ ಸಾಲು, ಅವುಗಳಲ್ಲಿ ಕೆಲವು ಸಾಲು ಬಿಟ್ಟು ಹಾರಿವೆ. ಒಳಗಿನ ಸಂಗೀತಕ್ಕೆ ಅದಕ್ಕಿಂತ ನಿಖರವಾದ ಚಿತ್ರ ಸಾಧ್ಯವಿಲ್ಲ. ಧ್ವನಿಮುದ್ರಣದ ವಿವರ ಬರೆಯಲು ಜಾಗ ಸಾಲದೆ ಲೈಟ್ ಹೊದಿಕೆಯನ್ನು ಪುಸ್ತಕದಂತೆ ಬಿಚ್ಚುವ ಹಾಗೆ ಮಾಡಿಸಿದರು. ಆ ಮಡಿಸುವ ಹೊದಿಕೆಯನ್ನು ಮುಂದೆ ರಾಕ್ ಸಂಗೀತದವರು ತಮ್ಮದಾಗಿಸಿಕೊಂಡರು.

1961ರ ‘ಸ್ಟೀರಿಯೊ 35 ಎಂಎಂ’ನಲ್ಲಿ ಲೈಟ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಾಮೂಲಿ ಟೇಪಿನ ಬದಲು ಸಿನಿಮಾದ 35 ಮಿಲಿಮೀಟರ್ ಅಗಲದ ಕಾಂತೀಯ ಫಿಲ್ಮಿನ ಮೇಲೆ ಧ್ವನಿ ಹಿಡಿದರು. ಫಿಲ್ಮು ದಪ್ಪ, ಅಗಲ, ಅಂಚಿನ ತೂತುಗಳಿಂದಾಗಿ ಜಾರದೆ ಒಂದೇ ವೇಗದಲ್ಲಿ ಓಡುತ್ತದೆ. ಹಿಸ್ಸೆನ್ನುವ ಗದ್ದಲ ಕಡಿಮೆ, ಸ್ವರದ ನಡುಕ ಕಡಿಮೆ. ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ದೊಡ್ಡ ವಾದ್ಯಮೇಳ ಕೂರಿಸಿ ಮಾಡಿದ ಈ ಮುದ್ರಣದ ನಿಚ್ಚಳತೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೂ ಲೈಟ್ ಅವರ ಆಲ್ಬಮ್ಮನ್ನು ಪೂರ್ತಿ ಕೇಳಿದ ಮೇಲೆ ಉಳಿಯುವುದು ಉಪಕರಣದ ಮೇಲಿನ ಮೆಚ್ಚುಗೆ. ಅದೇ ಉಪಕರಣದಿಂದ ಕವಿತೆ ಬರೆದವರು ಇನ್ನೊಬ್ಬರು.

ಹ್ವಾನ್ ಗಾರ್ಸಿಯಾ ಎಸ್ಕಿವೆಲ್ ಹುಟ್ಟಿದ್ದು 1918ರಲ್ಲಿ, ಮೆಕ್ಸಿಕೊದ ಟಾಂಪಿಕೊ ಊರಲ್ಲಿ. ಹರೆಯದಲ್ಲೇ ಮೆಕ್ಸಿಕೊ ನಗರದ ಎಕ್ಸ್‌ಇಡಬ್ಲ್ಯೂ ರೇಡಿಯೊದಲ್ಲಿ ಪಿಯಾನೊ ನುಡಿಸಿದರು, ಬೇಗನೆ ಅಲ್ಲಿ ಸ್ವಂತ ವಾದ್ಯಮೇಳ ನಡೆಸತೊಡಗಿದರು. ಹಾಸ್ಯ ಕಾರ್ಯಕ್ರಮಗಳಿಗೆ ಸಂಗೀತ ಒದಗಿಸುವುದೂ ಅವರ ಕೆಲಸವಾಗಿತ್ತು. ಬಾಗಿಲು ಬಡಿತ, ಬೀಳುವುದು, ಓಡುವುದು, ಅಚ್ಚರಿಪಡುವುದು, ಎಲ್ಲವನ್ನೂ ಕ್ಷಣಮಾತ್ರದಲ್ಲಿ ವಾದ್ಯದಿಂದ ಹೇಳಬೇಕು. ಮುಂದಿನ ಅವರ ಕಲೆಯೆಲ್ಲ ಆ ಪಾಠಶಾಲೆಯದು. ಆರ್‌ಸಿಎ ವಿಕ್ಟರ್ ಕಂಪನಿ ಅವರನ್ನು ಅಮೆರಿಕಕ್ಕೆ ಕರೆಸಿತು. 1958ರಲ್ಲಿ ‘ಅದರ್ ವರ್ಲ್ಡ್ಸ್ ಅದರ್ ಸೌಂಡ್ಸ್’ ಬಂತು.

ಅದರಲ್ಲಿ ‘ಗ್ರಾನಾಡಾ’, ‘ನೈಟ್ ಅಂಡ್ ಡೇ’, ‘ಬಿಗಿನ್ ದ ಬಿಗೀನ್’ ಮುಂತಾದ, ಎಲ್ಲರ ಬಾಯಲ್ಲಿದ್ದ ಹಾಡುಗಳೇ ಇವೆ. ಎಸ್ಕಿವೆಲ್ ಅವುಗಳ ಸಾಹಿತ್ಯವನ್ನು ಬಹುಪಾಲು ಕಿತ್ತುಹಾಕಿದರು. ಗಾಯಕ ಗಾಯಕಿಯರು ಹಾಡುವುದು ‘ಜು ಜು’, ‘ಪೌ’ ಎಂಬಂಥ ಅಕ್ಷರಗಳನ್ನು. ಕಂಠ ಅರ್ಥದ ಹೊರೆ ಕಳಚಿ ಮತ್ತೊಂದು ವಾದ್ಯವಾಗುತ್ತದೆ. ತಿಲ್ಲಾನ ಕೇಳಿ ಬೆಳೆದ ಕಿವಿಗೆ ಈ ಸುಖ ಹೊಸದಲ್ಲ. ಅವರೊಡನೆ ಹಾಡಿದ ರ‍್ಯಾಂಡಿ ವಾನ್ ಹಾರ್ನ್ ತಂಡದವರೇ ‘ಫ್ಲಿಂಟ್‌ಸ್ಟೋನ್ಸ್’, ‘ಜೆಟ್‌ಸನ್ಸ್’ ಕಾರ್ಟೂನುಗಳ ಶೀರ್ಷಿಕೆ ಗೀತೆ ಹಾಡಿದವರು. ಎಸ್ಕಿವೆಲ್‌ರ ಲೋಕದಲ್ಲಿ ಪಿಸುಮಾತಿನಷ್ಟು ಮೆಲುವಾದ ಪಿಯಾನೊ ಹರಿಯುತ್ತಿರುವಾಗ ಇದ್ದಕ್ಕಿದ್ದಂತೆ ಹಿತ್ತಾಳೆ ವಾದ್ಯಗಳು ಸಿಡಿಯುತ್ತವೆ. ಸ್ಟೀಲ್ ಗಿಟಾರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರಿ ಹೋಗುತ್ತದೆ. ಕೇಳಿದರೆ ಎಲ್ಲ ಆ ಕ್ಷಣದಲ್ಲಿ ಹೊಳೆದದ್ದು ಎನಿಸಬೇಕು, ಆದರೆ ಮನೋಧರ್ಮಕ್ಕೆ ಬಿಟ್ಟ ಒಂದು ಸ್ವರವೂ ಅಲ್ಲಿಲ್ಲ. ಪ್ರತಿಯೊಂದೂ ಮೊದಲೇ ಕಾಗದದ ಮೇಲೆ ಬರೆದದ್ದು. ಅಷ್ಟು ಕಟ್ಟುನಿಟ್ಟಿನಿಂದ ಇಷ್ಟು ನಗು ಹುಟ್ಟಿಸಿದ ಇನ್ನೊಬ್ಬ ಅರೇಂಜರ್ ನನಗೆ ಗೊತ್ತಿಲ್ಲ.

1962ರ ‘ಲ್ಯಾಟಿನ್‌ಎಸ್ಕ್’ನಲ್ಲಿ ಅವರು ಸ್ಟೀರಿಯೊವನ್ನು ಅದರ ಕೊನೆಯ ಗಡಿಗೆ ಒಯ್ದರು. ಒಂದೇ ಕೋಣೆಯಲ್ಲಿ ನುಡಿಸಿದರೆ ಎಡದ ವಾದ್ಯದ ದನಿ ಬಲದ ಮೈಕಿಗೂ ಸೋರುತ್ತದೆ. ಆ ಸೋರಿಕೆಯೇ ಬೇಡವೆಂದು ವಾದ್ಯಮೇಳವನ್ನು ಎರಡು ಭಾಗ ಮಾಡಿ ಎರಡು ಬೇರೆ ಬೇರೆ ಸ್ಟುಡಿಯೊಗಳಲ್ಲಿ ಕೂರಿಸಿದರು. ಈ ಸ್ಟುಡಿಯೊದವರಿಗೆ ಆ ಸ್ಟುಡಿಯೊದ ದನಿ ಕೇಳುತ್ತಿದ್ದದ್ದು ಹೆಡ್‌ಫೋನಿನಲ್ಲಿ ಮಾತ್ರ. ಒಬ್ಬರ ಮುಖ ಒಬ್ಬರು ನೋಡದೆ ನೂರು ಕಡೆ ತಾಳ ತಪ್ಪಬಹುದಾದ ಸಂಗೀತವನ್ನು ತಪ್ಪದೆ ನುಡಿಸಿದರು. ಎರಡೂ ಗುಂಪುಗಳು ಕೂಡುವುದು ಕೇಳುವವನ ಮನೆಯಲ್ಲಿ, ಎರಡು ಸ್ಪೀಕರುಗಳ ನಡುವಿನ ಖಾಲಿ ಜಾಗದಲ್ಲಿ. ಇದರಲ್ಲಿನ ‘ಮುಚಾ ಮುಚಾಚಾ’ವನ್ನು 1998ರ ‘ದ ಬಿಗ್ ಲೆಬೌಸ್ಕಿ’ ಚಿತ್ರ ನೋಡಿದವರು ಕೇಳಿಯೇ ಇರುತ್ತಾರೆ.

ಲಂಡನ್ನಿನಲ್ಲಿ ಇದೇ ಹೊತ್ತಿಗೆ ಜೋ ಮೀಕ್ ಎಂಬ ಎಂಜಿನಿಯರ್ ಒಂಟಿಯಾಗಿ ಬೇರೊಂದು ದಾರಿ ಹಿಡಿದಿದ್ದರು. ನೀರು ಇಳಿಯುವ ಸದ್ದು, ಗುಳ್ಳೆಯ ಸದ್ದು, ವೇಗ ಬದಲಿಸಿದ ಟೇಪುಗಳನ್ನು ಕೂಡಿಸಿ ಚಂದ್ರನ ಮೇಲಿನ ಬದುಕನ್ನು ಕಲ್ಪಿಸಿದ ‘ಐ ಹಿಯರ್ ಎ ನ್ಯೂ ವರ್ಲ್ಡ್’ ಅವರದು. 1960ರಲ್ಲಿ ಅದರ ಒಂದು ತುಣುಕಷ್ಟೇ ಹೊರಬಂತು, ಇಡೀ ಆಲ್ಬಂ ಪ್ರಕಟವಾಗಲು 1991ರವರೆಗೆ ಕಾಯಬೇಕಾಯಿತು. ಆದರೆ ಟೆಲ್‌ಸ್ಟಾರ್ ಉಪಗ್ರಹ 1962ರ ಜುಲೈಯಲ್ಲಿ ಹಾರಿದಾಗ ಅದೇ ಹೆಸರಿನ ರಾಗವೊಂದನ್ನು ಮೀಕ್ ಕಟ್ಟಿ ಟಾರ್ನೆಡೋಸ್ ತಂಡದಿಂದ ನುಡಿಸಿದರು. ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಬ್ರಿಟಿಷ್ ತಂಡ ಅದು, ಬೀಟಲ್ಸ್‌ಗಿಂತ ಮುಂಚೆ.

‘ಟೆಲ್‌ಸ್ಟಾರ್’ನ ಮುಖ್ಯ ರಾಗ ನುಡಿಸಿದ್ದು ಕ್ಲೇವಿಯೊಲಿನ್ ಜಾತಿಯ ಕೀಬೋರ್ಡ್. ಒಮ್ಮೆಗೆ ಒಂದೇ ಸ್ವರ ಹೊರಡಿಸುವ, ವಾಲ್ವುಗಳಿಂದ ನಡೆಯುವ ಚಿಕ್ಕ ಎಲೆಕ್ಟ್ರಾನಿಕ್ ವಾದ್ಯ. ನಮ್ಮ ದೇಶ ಇದನ್ನು ಅದಕ್ಕೂ ಎಂಟು ವರ್ಷ ಮೊದಲೇ ಕೇಳಿ ತಲೆದೂಗಿತ್ತು. 1954ರ ಹಿಂದಿಯ ‘ನಾಗಿನ್’ ಚಿತ್ರದಲ್ಲಿ ಹಾವಾಡಿಗನ ಪುಂಗಿಯ ನಾದವೆಂದು ಊರೂರಿನಲ್ಲಿ ಜನ ಮರುಳಾದದ್ದು ಕಲ್ಯಾಣ್‌ಜಿ ಕ್ಲೇವಿಯೊಲಿನ್ ಮೇಲೆ ನುಡಿಸಿದ ದನಿಗೆ. ಲಂಡನ್ ಆ ದನಿಯಲ್ಲಿ ಉಪಗ್ರಹ ಕಂಡಿತು, ಬೊಂಬಾಯಿ ನಾಗರಹಾವು ಕಂಡಿತು. ಈ ಸಂಗೀತವನ್ನು ಪರದೇಶದ ಹಳೆಯ ಶೋಕಿ ಎಂದು ದೂರ ಇಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಈ ಯುಗದ ಕೊನೆಯ ದೊಡ್ಡ ಆಲ್ಬಂ 1966ರ ‘ದ ಇನ್ ಸೌಂಡ್ ಫ್ರಮ್ ವೇ ಔಟ್’. ಫ್ರಾನ್ಸಿನ ಜಾನ್ ಜಾಕ್ ಪೆರಿ ಮತ್ತು ಜರ್ಮನಿಯಲ್ಲಿ ಹುಟ್ಟಿದ ಗರ್ಶನ್ ಕಿಂಗ್ಸ್‌ಲಿ ಟೇಪನ್ನು ಬ್ಲೇಡಿನಿಂದ ಚೂರು ಚೂರು ಕತ್ತರಿಸಿ, ಅಂಟಿಸಿ, ತಾಳಬದ್ಧ ಮಾಡಿದರು. ಇವತ್ತು ಕಂಪ್ಯೂಟರಿನಲ್ಲಿ ಬೆರಳ ತುದಿಯಲ್ಲಿ ಆಗುವ ಸ್ಯಾಂಪ್ಲಿಂಗ್ ಕೆಲಸವನ್ನು ಅವರು ಕೈಯಿಂದ ಮಾಡಿದರು. ಮುಂದಿನ ವರ್ಷ ಇಬ್ಬರೂ ಸೇರಿ ಮಾಡಿದ ‘ಬರೋಕ್ ಹೋಡೌನ್’ ಡಿಸ್ನಿಲ್ಯಾಂಡಿನ ದೀಪಗಳ ಮೆರವಣಿಗೆಗೆ ಹಿನ್ನೆಲೆ ಸಂಗೀತವಾಗಿ ಲೋಕಪ್ರಸಿದ್ಧವಾಯಿತು.

ಅಷ್ಟು ಹೊತ್ತಿಗೆ ಕಾಲ ತಿರುಗಿತ್ತು. ಯುವಕರು ಎಲೆಕ್ಟ್ರಿಕ್ ಗಿಟಾರಿನ ಕಡೆ ಹೋದರು, ದೊಡ್ಡ ವಾದ್ಯಮೇಳ ಸಾಕುವ ಹಣ ಕಂಪನಿಗಳಲ್ಲಿ ಉಳಿಯಲಿಲ್ಲ. ಎಸ್ಕಿವೆಲ್ ಲಾಸ್ ವೇಗಸ್ಸಿನ ವೇದಿಕೆಗಳಲ್ಲಿ ಕೆಲಕಾಲ ನುಡಿಸಿ ಮೆಕ್ಸಿಕೊಗೆ ಮರಳಿ ಮಕ್ಕಳ ಟೆಲಿವಿಷನ್ ಕಾರ್ಯಕ್ರಮಕ್ಕೆ ಸಂಗೀತ ಕೊಟ್ಟರು. ಅವರ ರೆಕಾರ್ಡುಗಳು ಮಾರುಕಟ್ಟೆಯಿಂದ ಮಾಯವಾಗಿ ಹಳೆ ಸಾಮಾನಿನ ಅಂಗಡಿ ಸೇರಿದವು. 1990ರ ದಶಕದಲ್ಲಿ ಕೆಲವು ಸಂಗ್ರಾಹಕರು ಅವನ್ನು ಅಲ್ಲಿಂದ ಎತ್ತಿ ತಂದರು. 1994ರಲ್ಲಿ ‘ಸ್ಪೇಸ್ ಏಜ್ ಬ್ಯಾಚಲರ್ ಪ್ಯಾಡ್ ಮ್ಯೂಸಿಕ್’ ಎಂಬ ಆಯ್ದ ಸಂಕಲನ ಬಂದಾಗ ಎಸ್ಕಿವೆಲ್ ಇನ್ನೂ ಬದುಕಿದ್ದರು. ಹಾಸಿಗೆ ಹಿಡಿದಿದ್ದರೂ ತಮ್ಮ ಸಂಗೀತಕ್ಕೆ ಹೊಸ ಪೀಳಿಗೆ ಸಿಕ್ಕಿದ್ದನ್ನು ಕಂಡು ಹೋದರು, 2002ರ ಜನವರಿಯಲ್ಲಿ.

ಈ ಆಲ್ಬಮ್‌ಗಳಲ್ಲಿ ಹೆಚ್ಚಿನವು ಈಗ ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಅಲ್ಲಿ ಎಡಬಲ ಬೆರೆತು ಈ ಸಂಗೀತದ ಅರ್ಧ ಪ್ರಾಣ ಹೋಗುತ್ತದೆ. ಹೆಡ್‌ಫೋನ್ ಹಾಕಿ, ಬೇರೆ ಕೆಲಸ ಬದಿಗಿಟ್ಟು ಕೇಳಿ. ‘ಎಕ್ಸಾಟಿಕಾ’ ಮಾತ್ರ ಎಡಬಲದ ಭೇದವಿಲ್ಲದ ಮೊದಲ ಮೊನೊ ಮುದ್ರಣದಲ್ಲೇ ಇರಲಿ. 1958ರಲ್ಲಿ ಅದನ್ನು ಸ್ಟೀರಿಯೊಗಾಗಿ ಮತ್ತೆ ನುಡಿಸಿದಾಗ ಲೈಮನ್ ತಂಡದಲ್ಲಿರಲಿಲ್ಲ. ಒಂದು ಸಂಜೆಗೆ ಒಂದೇ ಆಲ್ಬಂ ಕೇಳುವಷ್ಟು ಬಿಡುವಿದ್ದರೆ ‘ಲ್ಯಾಟಿನ್‌ಎಸ್ಕ್’ ಆರಿಸಿಕೊಳ್ಳಿ. ಈ ಇಡೀ ಕಾಲದ ಅತಿ ದೊಡ್ಡ ಪ್ರತಿಭೆ ಎಸ್ಕಿವೆಲ್, ಅವರ ಅತಿ ದೊಡ್ಡ ಸಾಧನೆ ಅದು.